ಕೇಳಿದ್ದಕ್ಕೆಲ್ಲ ಉತ್ತರ

ಮಾರ್ಚ್ 4, ಮಂಗಳವಾರ

ಇವತ್ತು ಚಾವಣಿ ಎರಡು ಸಲ ತಿರುಗಿತು. ಎದ್ದ ಕೂಡಲೇ ಒಮ್ಮೆ, ಒಲೆಯ ಮುಂದೆ ತಲೆ ಬಗ್ಗಿಸಿದಾಗ ಒಮ್ಮೆ. ಎಷ್ಟು ಸಲ, ಯಾವಾಗ ಎಂದು ದಿನವೂ ಬರೆದಿಡಿ ಎಂದು ಕಿವಿಯ ಡಾಕ್ಟರು ಹೇಳಿದ್ದಾರೆ. ಅದಕ್ಕೇ ಈ ನೋಟುಬುಕ್ಕು. ಒಳಕಿವಿಯಲ್ಲಿ ನೀರು ಹೆಚ್ಚಾಗಿದೆಯಂತೆ, ಅದು ತುಳುಕಿದಾಗ ಲೋಕ ತಿರುಗುತ್ತದಂತೆ. ನನ್ನ ಕಿವಿಯೊಳಗೆ ಒಂದು ಪುಟ್ಟ ಕೊಳವಿದೆ ಎಂದು ನಲವತ್ತೆರಡು ವರ್ಷ ನನಗೆ ಗೊತ್ತೇ ಇರಲಿಲ್ಲ.

ಡಾಕ್ಟರು ಕೇಳಿದ್ದು ಲೆಕ್ಕ ಮಾತ್ರ. ಆದರೆ ಮೂರು ತಿಂಗಳಿಂದ ಮಾತಿಲ್ಲದೆ ನನ್ನ ನಾಲಿಗೆ ತುಕ್ಕು ಹಿಡಿದಿದೆ. ಖಾಲಿ ಹಾಳೆ ಕಂಡರೆ ಬಿಡುತ್ತೇನೆಯೇ.

ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತವಳು ನಾನು. ಗಾಜಿನಲ್ಲೊಂದು ದುಂಡನೆಯ ತೂತು, ಅದರಾಚೆ ಒಂದು ಬಾಯಿ, ಬಾಯಿಂದ ಒಂದು ಪ್ರಶ್ನೆ. ಈಚೆಯಿಂದ ನನ್ನ ಉತ್ತರ. ಆರನೇ ಪ್ಲಾಟ್‌ಫಾರಂ, ಒಂಬತ್ತು ಇಪ್ಪತ್ತಕ್ಕೆ, ಈಗಷ್ಟೇ ಹೋಯಿತು, ಮುಂದಿನದು ಮುಕ್ಕಾಲು ಗಂಟೆ ಬಿಟ್ಟು. ಡ್ರೈವರುಗಳೆಲ್ಲ ನನ್ನನ್ನು ಮೈಕಮ್ಮ ಎನ್ನುತ್ತಿದ್ದರು. ಡಿಸೆಂಬರಿನಲ್ಲಿ ಒಂದು ದಿನ ಮೈಕು ಆನ್ ಇರುವಾಗಲೇ ಸ್ಟೂಲಿನಿಂದ ಬಿದ್ದೆ. ಬಿದ್ದ ಸದ್ದು ಹದಿನಾಲ್ಕು ಪ್ಲಾಟ್‌ಫಾರಮ್ಮಿಗೂ ಕೇಳಿಸಿತಂತೆ. ನನ್ನ ಕೊನೆಯ ಪ್ರಕಟಣೆ ಅದೇ. ಈಗ ಅಲ್ಲಿ ಬೆರಳಿಟ್ಟರೆ ಹೊತ್ತು ತೋರಿಸುವ ಪರದೆಯೊಂದನ್ನು ನಿಲ್ಲಿಸಿದ್ದಾರೆ. ಅದಕ್ಕೆ ತಲೆ ತಿರುಗುವುದಿಲ್ಲ, ಸಂಬಳವೂ ಬೇಡ.

ಮಾರ್ಚ್ 9, ಭಾನುವಾರ

ಮೂರು ಸಲ. ಎರಡನೆಯದು ಅಣ್ಣ, ಅತ್ತಿಗೆ ಬಂದಾಗ ಅವರೆದುರಿಗೇ ಆಗಿಹೋಯಿತು. ಗೋಡೆ ಹಿಡಿದು ನಿಂತೆ. ಅಣ್ಣನ ಮುಖ ಬಿಳಿಚಿಕೊಂಡಿತು.

“ಇನ್ನು ಸಾಕು. ಏಪ್ರಿಲ್ ಕೊನೆಗೆ ಈ ಮನೆ ಬಿಟ್ಟುಬಿಡು,” ಎಂದ. “ನಮ್ಮ ಹಿಂದಿನ ರೂಮು ಖಾಲಿನೇ ಇದೆ. ಮೂರನೇ ಮಹಡೀಲಿ ಒಬ್ಬಳೇ ಬಿದ್ದುಕೊಂಡಿದ್ರೆ ಯಾರಿಗೆ ಗೊತ್ತಾಗುತ್ತೆ?”

“ಕೆಲಸ ಹುಡುಕ್ತಿದ್ದೀನಿ ಅಣ್ಣ. ಮನೇಲೇ ಕೂತು ಮಾಡೋ ಅಂಥದ್ದು.”

“ಹುಡುಕು. ಏಪ್ರಿಲ್ ಕೊನೆವರೆಗೂ ಹುಡುಕು. ಆಮೇಲೆ ನಾನು ಹೇಳಿದ ಹಾಗೆ.”

“ಸುಮ್ನಿರಿ ಅಂದ್ರೆ,” ಎಂದು ಅತ್ತಿಗೆ ಗದರಿದರು. ನನ್ನ ಕಡೆ ತಿರುಗಿ, “ನಮ್ಮ ಮನೆ ಬೇರೆಯವರ ಮನೆನಾ? ಬಾ, ಆರಾಮಾಗಿರು,” ಎಂದರು. ಒಳ್ಳೆಯವರೇ ಇಬ್ಬರೂ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಆ ಹಿಂದಿನ ರೂಮು ನನಗೆ ಗೊತ್ತು. ಇಸ್ತ್ರಿ ಮಾಡುವ ಮೇಜು, ಗಾಳಿಯಿಲ್ಲದ ಸೈಕಲ್ಲು, ನಂಟರು ಬಂದಾಗ ಮಾತ್ರ ಕೆಳಗಿಳಿಯುವ ಹಾಸಿಗೆಗಳು. ಅವುಗಳ ನಡುವೆ ನಾನೂ ಒಂದು ಸಾಮಾನು. ಅಲ್ಲಿ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಯಾರಿಗೂ ನನ್ನಿಂದ ಏನೂ ಬೇಕಾಗುವುದಿಲ್ಲ. ಇಲ್ಲಿ ಎರಡೇ ಕೋಣೆ, ನಲ್ಲಿ ತಿರುಗಿಸಿದರೆ ಗುಂಯ್‌ಗುಟ್ಟುತ್ತದೆ, ನಾಲ್ಕು ಗಂಟೆಗೆ ಎದುರುಮನೆ ನೀರಿನ ಟ್ಯಾಂಕಿನ ನೆರಳು ನನ್ನ ಗೋಡೆಗೆ ಬಂದು ಕೂರುತ್ತದೆ. ಬಾಡಿಗೆ ಮನೆಯಾದರೂ ಇದು ನನ್ನದು. ಇದನ್ನು ಬಿಟ್ಟು ಹೋಗಲಾರೆ. ಐವತ್ತೆರಡು ದಿನ ಇದೆ.

ಮಾರ್ಚ್ 12, ಬುಧವಾರ

ಒಂದೇ ಸಲ. ಅದೂ ಹಗುರವಾಗಿ.

ಮಧ್ಯಾಹ್ನದ ಮಾತ್ರೆ ನುಂಗಿದರೆ ಅರ್ಧ ನಿದ್ದೆ, ಅರ್ಧ ಎಚ್ಚರ. ಆಗ ಬಸ್ಸುಗಳು ಬರುತ್ತವೆ. ಬಟ್ಟೆ ಒಣಹಾಕುವ ತಂತಿಯ ಕೆಳಗೆ ಸದ್ದಿಲ್ಲದೆ ನುಸುಳಿ, ಕಿಟಕಿ ದಾಟಿ, ಮಂಚದ ಪಕ್ಕ ಸಾಲಾಗಿ ನಿಲ್ಲುತ್ತವೆ. ಯಾವುದರಲ್ಲೂ ಜನರಿಲ್ಲ. ಸೀಟುಗಳ ಮೇಲೆ ಬಿಸಿಲು ಕೂತಿರುತ್ತದೆ. ನಾನು ಮಲಗಿದಲ್ಲಿಂದಲೇ ಒಂದೊಂದರ ಹೊತ್ತು ಹೇಳುತ್ತೇನೆ, ಅವು ಹಿಮ್ಮುಖವಾಗಿ ಸರಿದು ಆಕಾಶದ ಕಡೆ ಹೊರಟುಹೋಗುತ್ತವೆ. ಇವತ್ತು ಕೊನೆಯ ಬಸ್ಸು ಹೋದ ಮೇಲೂ ಏನೋ ಮಿನುಗುತ್ತಿತ್ತು. ಕಣ್ಣುಜ್ಜಿ ನೋಡಿದರೆ ದಿಂಬಿನ ಪಕ್ಕದ ಫೋನು.

“ಮನೆಯಿಂದಲೇ ಕೆಲಸ. ದಿನಕ್ಕೆ ಮೂರು ಗಂಟೆ. ಅನುಭವ ಬೇಕಿಲ್ಲ. ಆಸಕ್ತರು ಸಂಪರ್ಕಿಸಿ.”

ನಾನು ಆಸಕ್ತಳು. ಸಂಪರ್ಕಿಸಿದೆ.

ಮಾರ್ಚ್ 13, ಗುರುವಾರ

ಇಂಥ ದಿನ ಬಂದು ಎಷ್ಟು ಕಾಲವಾಗಿತ್ತು! ಅವರು ಅರ್ಜಿ ಕಳಿಸಿದ್ದರು. ನಲವತ್ತಮೂರು ಪ್ರಶ್ನೆ.

ಹೆಸರೇನು, ಹುಟ್ಟಿದ್ದು ಯಾವಾಗ, ಗುರುತಿನ ಚೀಟಿಯ ಸಂಖ್ಯೆ ಎಷ್ಟು, ತಾಯಿಯ ಹೆಸರು, ಮೊದಲು ಓದಿದ ಶಾಲೆ, ಯಾವ ಬ್ಯಾಂಕು, ಮನೆಯಲ್ಲಿ ಯಾರ್ಯಾರಿದ್ದಾರೆ, ಇಷ್ಟದ ಬಣ್ಣ ಯಾವುದು. ಬಣ್ಣದ ಹತ್ತಿರ ತುಂಬ ಹೊತ್ತು ಯೋಚಿಸಿದೆ. ಇದನ್ನು ನನ್ನನ್ನು ಯಾರೂ ಕೇಳಿದ್ದೇ ಇಲ್ಲ. ಮಳೆ ನಿಂತ ಮೇಲೆ ನಿಲ್ದಾಣದ ಡಾಂಬರಿನ ಮೇಲೆ ಡೀಸೆಲ್ ಹರಡಿದಾಗ ಕಾಣುವ ನೇರಳೆ ಎಂದು ಬರೆದೆ. ಅತಿಯಾಯಿತೆನ್ನಿಸಿ ಅಳಿಸಿ, ಬರೀ ‘ನೇರಳೆ’ ಎಂದು ಹಾಕಿದೆ.

ಕೌಂಟರಿನಲ್ಲಿ ದಿನಕ್ಕೆ ಸಾವಿರ ಪ್ರಶ್ನೆ ಬರುತ್ತಿದ್ದವು. ಒಂದೂ ನನ್ನ ಬಗ್ಗೆ ಅಲ್ಲ. ಇವತ್ತು ನಲವತ್ತಮೂರೂ ನನ್ನ ಬಗ್ಗೆಯೇ. ಒಂದನ್ನೂ ಬಿಡಲಿಲ್ಲ. ಉತ್ತರ ಗೊತ್ತಿದ್ದೂ ಹೇಳದೆ ಕೂರುವುದು ನನ್ನ ಕೈಲಾಗದ ಕೆಲಸ, ಬೆರಳು ತಾನಾಗಿ ಓಡುತ್ತದೆ. ಕಳಿಸಿ ಮುಗಿಸುವಾಗ ಟ್ಯಾಂಕಿನ ನೆರಳು ಗೋಡೆಯ ಅರ್ಧಕ್ಕೆ ಬಂದಿತ್ತು. ಹಾಡು ಗುನುಗಿಕೊಂಡೆ. ಚಾವಣಿ ಇವತ್ತು ತಿರುಗಿತೋ ಇಲ್ಲವೋ ನೆನಪಿಲ್ಲ.

ಮಾರ್ಚ್ 14, ಶುಕ್ರವಾರ

ಆಯ್ಕೆಯಾದೆ!

ಮೇಡಂ ಒಬ್ಬರು ಫೋನ್ ಮಾಡಿದ್ದರು. ಬೆಲ್ಲದಂಥ ದನಿ. ಐನೂರು ಜನರಲ್ಲಿ ನಾನಂತೆ. ಸಂಬಳ ಹಾಕಲು ಖಾತೆಯನ್ನು ಸರಿಪಡಿಸಬೇಕು, ನಿಮ್ಮ ಫೋನಿಗೆ ಆರಂಕಿಯ ಸಂಖ್ಯೆಯೊಂದು ಬಂದಿರುತ್ತೆ, ಓದಿ ಹೇಳ್ತೀರಾ ಎಂದರು. ಓದಿದೆ. ಪ್ರಕಟಣೆ ಮಾಡುವಾಗಿನ ದನಿಯಲ್ಲಿ, ಒಂದೊಂದೇ ಅಂಕಿ ಬಿಡಿಸಿ. ಇನ್ನೊಂದು ಬಂದಿರುತ್ತೆ ನೋಡಿ ಎಂದರು. ಅದನ್ನೂ ಓದಿದೆ. ಮೂರನೆಯದನ್ನೂ.

“ಎಷ್ಟು ಸ್ಪಷ್ಟವಾಗಿ ಓದ್ತೀರಿ ಮೇಡಂ,” ಎಂದರು. ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಯಾರೂ ಆಡಿರಲಿಲ್ಲ.

ಮಾರ್ಚ್ 15, ಶನಿವಾರ

ಹೋಯಿತು. ಮೂರು ಸಂಖ್ಯೆ, ಮೂರು ಸಲ. ಕೂಡಿಟ್ಟದ್ದೆಲ್ಲ.

ಬಾಡಿಗೆಯನ್ನು ಏಪ್ರಿಲ್ ಕೊನೆಯವರೆಗೆ ಮೊದಲೇ ಕೊಟ್ಟಿದ್ದೆ, ಅದೊಂದೇ ಪುಣ್ಯ. ಮೇಡಂ ನಂಬರಿಗೆ ಹನ್ನೊಂದು ಸಲ ಮಾಡಿದೆ. ಆ ನಂಬರು ಬಳಕೆಯಲ್ಲೇ ಇಲ್ಲವಂತೆ.

ಮಾರ್ಚ್ 17, ಸೋಮವಾರ

ನಾಲ್ಕು ಸಲ.

ಅಣ್ಣನಿಗೆ ಹೇಳಲೇಬೇಕಾಯಿತು. ಬ್ಯಾಂಕಿಗೆ ಕರೆದುಕೊಂಡು ಹೋದ, ಪೊಲೀಸರಿಗೂ ದೂರು ಬರೆಸಿದ. ಕೈ ಹಿಡಿದೇ ನಡೆಸಿದ, ದಾರಿಯುದ್ದಕ್ಕೂ ಬೈದ. ಬ್ಯಾಂಕಿನ ಹುಡುಗಿ ಮಾತ್ರ ಬೈಯಲಿಲ್ಲ. ಆ ಸಂಖ್ಯೆ ಬೀಗದ ಕೈ ಇದ್ದ ಹಾಗೆ, ನಾವು ಕೇಳಿದರೂ ಹೇಳಬಾರದು ಎಂದಳು.

“ಅವಳು ಅಷ್ಟೆಲ್ಲ ಕೇಳಿದಳಲ್ಲ, ನೀನು ವಾಪಸ್ ಒಂದಾದ್ರೂ ಕೇಳಿದ್ಯಾ?” ಎಂದ ಅಣ್ಣ, ವಾಪಸ್ ಬಂದು ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು. “ಕಂಪನಿ ಹೆಸರೇನು? ಕೆಲಸ ಏನು? ಅದಾದ್ರೂ?”

ಯೋಚಿಸಿದೆ. ಕೇಳಿರಲಿಲ್ಲ. ಕೆಲಸ ಏನು ಎಂಬುದನ್ನೇ ಕೇಳಿರಲಿಲ್ಲ! ನಗು ಬರಬೇಕಿತ್ತು, ಬರಲಿಲ್ಲ.

“ನೀನು ಒಬ್ಬಳೇ ಇರೋದು ಆಗದ ಮಾತು,” ಎಂದು ಹೇಳಿ ಹೋದ.

ಕೆಳಮನೆಯ ಟೈಲರಮ್ಮ ಬಾಗಿಲ ಸಂದಿಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಮೂಗು ತೂರಿಸುವುದರಲ್ಲಿ ಹತ್ತು ವರ್ಷಕ್ಕೆ ದೊಡ್ಡವಳು. “ಅಯ್ಯೋ ಅಕ್ಕಾ, ನಿಮಗೂ ಟೋಪಿ ಹಾಕಿದ್ರಾ!” ಎಂದು ಬಂದು ಪಕ್ಕದಲ್ಲಿ ಕೂತಳು. ಬಟ್ಟೆಯ ಚೂರುಗಳು ಅವಳ ಮೈಗೆಲ್ಲ ಅಂಟಿದ್ದವು. ಏನೂ ಮಾತಾಡದೆ ಬಹಳ ಹೊತ್ತು ಕೂತಿದ್ದಳು. ಅವಳಿಂದ ಇದು ದೊಡ್ಡ ಉಪಕಾರ.

ಮಾರ್ಚ್ 20, ಗುರುವಾರ

ಎರಡು ಸಲ. ಮಧ್ಯಾಹ್ನದ ಕನಸಿನಲ್ಲಿ ಕೌಂಟರು ಇತ್ತು, ಆದರೆ ನಾನು ಗಾಜಿನ ಆಚೆ ನಿಂತಿದ್ದೆ. ಜನ ನಿಲ್ಲುವ ಕಡೆ. ಹಿಂದೆ ದೊಡ್ಡ ಸಾಲು. ತೂತಿಗೆ ಬಾಯಿಟ್ಟೆ. ಒಳಗೆ ಕೂತವಳ ಮುಖ ಕಾಣಿಸಲಿಲ್ಲ, ಅವಳ ಕೈ ಮಾತ್ರ ಮೈಕಿನ ಮೇಲಿತ್ತು. ಕೇಳಬೇಕು, ಏನು ಕೇಳಬೇಕೋ ಗೊತ್ತಿಲ್ಲ. ಸಾಲಿನಲ್ಲಿದ್ದವರು ಯಾರೂ ಸಿಡುಕಲಿಲ್ಲ, ತಮ್ಮ ಚೀಲಗಳ ಮೇಲೆ ಕೂತು ಕಾದರು. ಕಾಯುತ್ತ ಕಾಯುತ್ತ ಕೆಲವರು ಮುದುಕರಾದರು. ಮಳೆ ಬಂತು, ನಿಂತಿತು. ಕೊನೆಗೆ “ನೀನು ಯಾರು?” ಎಂದು ಕೇಳಿದೆ. ಒಳಗಿದ್ದವಳು ಮೈಕಿನಲ್ಲಿ ಉತ್ತರ ಹೇಳಿದಳು, ಅಷ್ಟರಲ್ಲಿ ಬಸ್ಸೊಂದು ಹಾರ್ನ್ ಹೊಡೆದು ಏನೂ ಕೇಳಿಸಲಿಲ್ಲ.

ಎದ್ದಾಗ ದಿಂಬು ಒದ್ದೆಯಾಗಿತ್ತು. ಹಾರ್ನ್ ಮಾತ್ರ ನಿಜದ್ದು, ಕೆಳಗಿನ ಬೀದಿಯದು.

ಮಾರ್ಚ್ 28, ಶುಕ್ರವಾರ

ಒಂದು ಸಲ. ಅದಕ್ಕೆ ಕಾರಣ ನಗು.

ಈ ಸಲ ಫೋನ್ ಮಾಡಿದವನು ಗಂಡಸು. ಮನೆಯಿಂದಲೇ ಲೆಕ್ಕಪತ್ರ ಬರೆಯುವ ಕೆಲಸವಂತೆ. “ಲ್ಯಾಪ್‌ಟಾಪ್ ನಾವೇ ಮನೆಗೆ ಕಳಿಸ್ತೀವಿ ಮೇಡಂ. ಠೇವಣಿ ಮಾತ್ರ ಇವತ್ತೇ ಕಟ್ಟಬೇಕು. ಎರಡೇ ಸೀಟು ಉಳಿದಿರೋದು.”

ಸೀಟು ಅಂದದ್ದಕ್ಕೋ ಏನೋ, ಬಾಯಿಗೆ ಹಳೆಯ ಕೆಲಸ ಬಂದುಬಿಟ್ಟಿತು. “ನಿಮ್ಮ ಆಫೀಸು ಎಲ್ಲಿದೆ?” ಎಂದೆ.

ರಸ್ತೆಯ ಹೆಸರು ಹೇಳಿದ.

“ಅಲ್ಲಿಗೆ ಯಾವ ಬಸ್ಸು ಹಿಡೀಬೇಕು?”

“ಯಾವ ಬಸ್ಸಾದ್ರೂ ಆಗುತ್ತೆ ಮೇಡಂ.”

“ಇಳಿಯೋ ಸ್ಟಾಪು ಯಾವುದು?”

“ಆಫೀಸ್ ಎದುರುಗಡೆನೇ ಮೇಡಂ.”

“ನೀವು ದಿನಾ ಎಷ್ಟನೇ ನಂಬರಿಗೆ ಹೋಗ್ತೀರಿ?”

ಫೋನಿಟ್ಟುಬಿಟ್ಟ.

ಯಾವ ಬಸ್ಸಾದರೂ ಆಗುತ್ತದಂತೆ! ಆ ರಸ್ತೆಗೆ ಸೇತುವೆ ಕೆಲಸ ಶುರುವಾದಾಗಿನಿಂದ ಒಂದು ಬಸ್ಸೂ ಹೋಗುವುದಿಲ್ಲ. ದೊಡ್ಡ ತಿರುವಿನಲ್ಲಿ ಇಳಿದು ಹದಿನೈದು ನಿಮಿಷ ನಡೆಯಬೇಕು. ಅಲ್ಲಿ ದಿನಾ ಕೆಲಸಕ್ಕೆ ಹೋಗುವವನಾಗಿದ್ದರೆ ಅರ್ಧ ಗಂಟೆ ಅದನ್ನೇ ಗೋಳಾಡುತ್ತಿದ್ದ. ಟೈಲರಮ್ಮನಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುವಾಗ ತಲೆ ಹಿಂದಕ್ಕೆ ಹೋಯಿತು, ಲೋಕ ಒಂದು ಸುತ್ತು ಬಂತು. ಅಂಥ ಸುತ್ತಿಗೆ ನನ್ನ ತಕರಾರಿಲ್ಲ.

ಏಪ್ರಿಲ್ 2, ಬುಧವಾರ

ಟೈಲರಮ್ಮನ ಹೊಲಿಗೆ ಯಂತ್ರ ಕೆಟ್ಟಿತು. ಕೆಳಗೆ ಹೋಗಿದ್ದೆ. ಹೊಲಿಗೆ ನಡುನಡುವೆ ತಪ್ಪಿಹೋಗುತ್ತಿತ್ತು, ನಾಳೆ ಕೊಡಬೇಕಾದ ಆರು ಸಮವಸ್ತ್ರ ಹಾಗೇ ಬಿದ್ದಿದ್ದವು. ಯಂತ್ರದ ಹಿಂಬದಿಯ ತಗಡಿನ ಮೇಲೆ ಕಂಪನಿಯ ಸಹಾಯವಾಣಿ ನಂಬರು ಅಚ್ಚಾಗಿದೆ. “ಅಕ್ಕಾ ನೀವೇ ಮಾತಾಡಿ, ನನಗೆ ಸಿಟ್ಟು ಬಂದುಬಿಡುತ್ತೆ,” ಎಂದಳು.

ಎತ್ತಿದವರು ಒಬ್ಬ ಹೆಂಗಸು. ನಿಧಾನದ ದನಿ. ಕೆಳಗಿನ ದಾರ ಸುತ್ತಿದ ಬಾಬಿನ್ ತೆಗೆಸಿ, ಅದರ ಗೂಡಿನಲ್ಲಿ ಸಿಕ್ಕಿಕೊಂಡಿದ್ದ ದಾರದ ತುಣುಕುಗಳನ್ನು ಬ್ರಷ್ಷಿನಿಂದ ತೆಗೆಸಿ, ಸೂಜಿಯನ್ನೂ ಬದಲು ಮಾಡಿಸಿದರು. ಅಷ್ಟರಲ್ಲಿ ಅವರ ಹಿಂದಿನಿಂದ ಯಾವುದೋ ಮಗು, “ಅಮ್ಮಾ, ಟವೆಲ್ಲು!” ಎಂದು ಕಿರುಚಿತು.

“ಕ್ಷಮಿಸಿ,” ಎಂದರು.

ನನ್ನ ಕಿವಿ ನೆಟ್ಟಗಾಯಿತು. “ನೀವು ಮನೆಯಿಂದ ಮಾತಾಡ್ತಿದ್ದೀರಾ?”

“ಹೌದು... ಯಾಕೆ, ತೊಂದರೆ ಆಯ್ತಾ?”

“ಇಲ್ಲ ಇಲ್ಲ. ಈ ಕೆಲಸ ನಿಮಗೆ ಹೇಗೆ ಸಿಕ್ತು? ಮೊದಲೇ ದುಡ್ಡು ಕಟ್ಟಿಸಿಕೊಂಡ್ರಾ? ಸಂಬಳ ಸರಿಯಾಗಿ ಬರುತ್ತಾ? ಎಷ್ಟು ವರ್ಷದಿಂದ ಇದ್ದೀರಿ? ಮಧ್ಯೆ ಐದು ನಿಮಿಷ ಕಣ್ಣು ಮುಚ್ಚಿ ಕೂರೋಕೆ ಬಿಡ್ತಾರಾ?”

ಆಕೆ ನಕ್ಕುಬಿಟ್ಟರು. “ಅಮ್ಮಾ, ಒಂದೊಂದಾಗಿ ಕೇಳಿ.” ಐದು ವರ್ಷದಿಂದ ಇದ್ದಾರಂತೆ. ಒಂದು ಕಾಸೂ ಕಟ್ಟಿಸಿಕೊಂಡಿಲ್ಲವಂತೆ. ಸಂಬಳ ಒಂದೇ ಸಲ ಮೂರು ದಿನ ತಡವಾಗಿತ್ತಂತೆ. “ಕಣ್ಣು ಮುಚ್ಚಿ ಕೂರೋದು ನನಗೆ ಗೊತ್ತಿಲ್ಲ. ಕೇಳಿ ಹೇಳ್ತೀನಿ.”

ಆ ‘ಗೊತ್ತಿಲ್ಲ’ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲೇ ಬಟ್ಟೆ ರಾಶಿಯ ಮೇಲೆ ಕೂತುಬಿಟ್ಟೆ. ಆ ಬೆಲ್ಲದ ದನಿಗೆ ಎಲ್ಲವೂ ಗೊತ್ತಿತ್ತು. ಆ ಸೇತುವೆ ರಸ್ತೆಯವನಿಗೂ ಎಲ್ಲ ಗೊತ್ತಿತ್ತು. ಕೌಂಟರಿನಲ್ಲಿ ನಿಜವಾಗಿ ಕೂತವರಿಗೆ ಮಾತ್ರ ಆಗಾಗ ಗೊತ್ತಿರುವುದಿಲ್ಲ.

ಯಂತ್ರದ ಜೊತೆ ಬರುವ ಪುಸ್ತಕದ ಕೊನೆಯ ಪುಟದಲ್ಲಿ ಕಂಪನಿಯ ವೆಬ್‌ಸೈಟಿನ ವಿಳಾಸವಿದೆ, ಕೆಲಸದ ಅರ್ಜಿ ಅಲ್ಲೇ ಸಿಗುತ್ತದೆ, ಅದನ್ನು ನೀವೇ ಟೈಪ್ ಮಾಡಿ ನೋಡಿ, ಯಾರೋ ಕಳಿಸಿದ ಲಿಂಕು ಒತ್ತಬೇಡಿ ಎಂದರು. “ನಮ್ಮ ಹೆಸರು ಹೇಳಿ ಯಾರಾದ್ರೂ ದುಡ್ಡು ಕೇಳಿದ್ರೆ ಇದೇ ನಂಬರಿಗೆ ಮಾಡಿ.”

ಫೋನಿಟ್ಟ ಮೇಲೆ ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ರಿಪೇರಿಗೆ ಫೋನ್ ಮಾಡಿ ಹೆಣ್ಣು ನೋಡೋಕೆ ಬಂದವರ ಹಾಗೆ ವಿಚಾರಿಸಿದ್ರಲ್ಲ ಅಕ್ಕಾ!”

ಏಪ್ರಿಲ್ 4, ಶುಕ್ರವಾರ

ಅರ್ಜಿ ಕಳಿಸಿದೆ. ಹನ್ನೊಂದೇ ಪ್ರಶ್ನೆ. ಬ್ಯಾಂಕಿನ ಸುದ್ದಿಯೇ ಇಲ್ಲ. ‘ಬೇರೆ ಏನಾದರೂ ಹೇಳುವುದಿದ್ದರೆ’ ಎಂಬ ಜಾಗದಲ್ಲಿ ಹೇಳುವುದೇನೂ ಇರಲಿಲ್ಲ, ಕೇಳುವುದು ಆರು ಇತ್ತು. ಕೇಳಿದೆ.

ಏಪ್ರಿಲ್ 10, ಗುರುವಾರ

ಸಂದರ್ಶನ ಫೋನಿನ ಪರದೆಯ ಮೇಲೆ ನಡೆಯಿತು. ಮೇಲ್ವಿಚಾರಕರು ಕನ್ನಡಕ ಹಾಕಿದವರು, ಅವರ ಹಿಂದೆ ಕಪಾಟಿನ ಮೇಲೆ ಬೆಕ್ಕೊಂದು ನಿದ್ದೆ ಮಾಡುತ್ತಿತ್ತು. ನನ್ನ ಹಿಂದೆ ಬಟ್ಟೆಯ ತಂತಿ. ಎರಡು ಮನೆಗಳು ಗಾಳಿಯಲ್ಲಿ ತೇಲಿ ಬಂದು ಎದುರುಬದುರು ನಿಂತ ಹಾಗಿತ್ತು.

ನನಗಿರುವ ಕಾಯಿಲೆಯನ್ನು ಮೊದಲೇ ಹೇಳಿದೆ. ಕೂತು ಮಾಡುವ ಕೆಲಸ, ತಾಸಿಗೆ ಐದು ನಿಮಿಷ ಬಿಡುವು ಇದೆ, ಆಗ ಕಣ್ಣು ಮುಚ್ಚಿದರೆ ನಮ್ಮ ಗಂಟೇನೂ ಹೋಗುವುದಿಲ್ಲ ಎಂದರು. ಆಮೇಲೆ ತಾವೇ ಗಿರಾಕಿಯಾಗಿ ನಟಿಸಿದರು. “ನನ್ನ ಮಷೀನಲ್ಲಿ ದಾರ ಕಿತ್ತುಹೋಗ್ತಿದೆ. ಏನು ಮಾಡ್ಲಿ?”

“ಯಾವ ದಾರ ಸಾರ್? ಯಾವ ಬಟ್ಟೆ? ಸೂಜಿ ಯಾವಾಗ ಹಾಕಿದ್ದು? ಮೇಲಿನ ದಾರ ಕೀಳುತ್ತಾ, ಕೆಳಗಿನದ್ದಾ?”

ಕನ್ನಡಕ ತೆಗೆದು ಒರೆಸಿಕೊಂಡರು. “ಎಲ್ಲರೂ ಪುಸ್ತಕ ನೋಡಿ ಉತ್ತರ ಓದಿಬಿಡ್ತಾರೆ. ನೀವು ಮೊದಲು ಕೇಳಿದ್ರಿ,” ಎಂದರು. ಅದರಲ್ಲೇನು ವಿಶೇಷವೋ ನನಗೆ ತಿಳಿಯಲಿಲ್ಲ. ಕೇಳದೆ ಹೇಗೆ ಹೇಳುವುದು?

ಎರಡು ವಾರದಲ್ಲಿ ತಿಳಿಸುತ್ತಾರಂತೆ. ಸಂಜೆ ಅಂಗಡಿಗೆ ಹೋಗಿ ಸಾಬೂನು, ಮೆಂತ್ಯ ತಂದೆ. ಬರುವಾಗ ಮೋಡಗಳು ತುಂಬ ಕೆಳಗಿದ್ದವು.

ಏಪ್ರಿಲ್ 16, ಬುಧವಾರ

ಸುದ್ದಿಯಿಲ್ಲ. ಅಣ್ಣ ಫೋನ್ ಮಾಡಿದ್ದ. ಇಪ್ಪತ್ತೇಳಕ್ಕೆ ಗಾಡಿ ಗೊತ್ತು ಮಾಡಿದ್ದಾನಂತೆ. ಹ್ಞೂಂ ಎಂದೆ.

ಮಧ್ಯಾಹ್ನ ಮಲಗಿದ್ದಾಗ ಮನೆ ನಿಧಾನವಾಗಿ ಚಲಿಸಿತು. ತಿರುಗಿದ್ದಲ್ಲ, ಹೊರಟದ್ದು. ನಲ್ಲಿಯ ಗುಂಯ್ ಸದ್ದೇ ಇಂಜಿನ್. ಎರಡೂ ಕೋಣೆ, ಒಲೆ, ತಂತಿಯ ಮೇಲಿನ ಸೀರೆ, ಎಲ್ಲ ಸೇರಿ ಮಹಡಿಯಿಂದ ಬಿಡಿಸಿಕೊಂಡು ಮರಗಳ ಮೇಲೆ ಹೋದೆವು. ಎಲ್ಲಿಗೆ ಎಂದು ಕೇಳಲು ಯಾರೂ ಇರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ದುಃಖವಾಯಿತು.

ಏಪ್ರಿಲ್ 24, ಗುರುವಾರ

ಪತ್ರ ಬಂತು. ಕೆಲಸ ಸಿಕ್ಕಿದೆ ಎಂದಿದೆ.

ನಂಬಲಿಲ್ಲ. ಕೆಳಗೆ ಓಡಿಹೋಗಿ, ಯಂತ್ರದ ತಗಡಿನ ಮೇಲಿನ ನಂಬರನ್ನೇ ಒತ್ತಿ, ಪತ್ರದ ಸಹಿ, ತಾರೀಖು, ಸಂಬಳ ಒಂದೊಂದನ್ನೂ ಓದಿ ಕೇಳಿದೆ. ಎತ್ತಿದವರು ಕರೆಯನ್ನು ಮೇಲ್ವಿಚಾರಕರಿಗೇ ಜೋಡಿಸಿದರು. ಎಲ್ಲವೂ ನಿಜ. ಸಂಬಳ ಕೌಂಟರಿಗಿಂತ ಕಡಿಮೆ, ಬಾಡಿಗೆಗೂ ಒಂದು ಹೊಟ್ಟೆಗೂ ಸಾಕು. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ. ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಫೋನು ಕಳಿಸುತ್ತಾರೆ, ಠೇವಣಿಯಿಲ್ಲ. “ಇನ್ನೇನಾದ್ರೂ ಕೇಳೋದಿದೆಯಾ?” ಎಂದು ಮೇಲ್ವಿಚಾರಕರು ಕೇಳಿದರು. ಇತ್ತು. ಬೆಕ್ಕಿನ ಹೆಸರು ಕೇಳಿದೆ.

ಟೈಲರಮ್ಮ ನನ್ನನ್ನು ಅಪ್ಪಿಕೊಂಡು ಮೈಗೆಲ್ಲ ದಾರ ಮೆತ್ತಿದಳು. ಅಣ್ಣನಿಗೆ ಇನ್ನೂ ಹೇಳಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬೈಯಲು ಶುರುಮಾಡುತ್ತಾನೆ.

ಏಪ್ರಿಲ್ 27, ಭಾನುವಾರ

ಅಣ್ಣ ಹತ್ತು ಗಂಟೆಗೆ ಬಂದ. ಕೈಯಲ್ಲಿ ಹಗ್ಗದ ಸುರುಳಿ, ಕಂಕುಳಲ್ಲಿ ಮಡಿಸಿದ ರಟ್ಟಿನ ಪೆಟ್ಟಿಗೆಗಳು. ಗಾಡಿ ಕೆಳಗೆ ನಿಂತಿತ್ತು. ಒಳಗೆ ಬಂದವನು ಸುತ್ತ ನೋಡಿದ. ನಾನು ಒಂದು ಲೋಟವನ್ನೂ ಕಟ್ಟಿರಲಿಲ್ಲ.

“ಏನಿದು? ಇನ್ನೂ ಎಲ್ಲ ಹಾಗೇ ಇದೆ?”

ಪತ್ರ ಕೊಟ್ಟೆ. ನಿಂತೇ ಓದಿದ. ಮತ್ತೆ ಮೇಲಿನಿಂದ ಓದಿದ.

“ಇವರೂ ಅವರೇ. ಹಾಳೆ ಚೆನ್ನಾಗಿದೆ ಅಷ್ಟೆ.”

“ನೀನೇ ಕೇಳು ಅಣ್ಣ. ಟೈಲರಮ್ಮನ ಮಷೀನ್ ಮೇಲೆ ನಂಬರಿದೆ. ಪತ್ರದಲ್ಲಿರೋ ನಂಬರಿಗೆ ಮಾಡಬೇಡ.”

ನನ್ನ ಮುಖ ನೋಡಿದ. ಪತ್ರ ಹಿಡಿದು ಕೆಳಗೆ ಹೋದ. ಇಪ್ಪತ್ತು ನಿಮಿಷ ಬಿಟ್ಟು ಬಂದಾಗ ಪತ್ರವನ್ನು ಎರಡು ಕೈಯಲ್ಲಿ ಹಿಡಿದಿದ್ದ. “ಕೆಲಸ ನಿಜಾನೇ,” ಎಂದ. “ಆದ್ರೂ ನೀನು ಬರಬೇಕು.”

“ಯಾಕೆ?”

“ಯಾಕೆ ಅಂದ್ರೆ? ನೀನು ಒಬ್ಬಳೇ ಇದ್ದೀಯ, ಅದಕ್ಕೆ.”

“ನಾನು ಒಬ್ಬಳೇ ಇದ್ರೆ ನಿನಗೆ ಏನಾಗುತ್ತೆ ಅಣ್ಣ?”

ಜಗಳಕ್ಕೆಂದು ಕೇಳಿದ್ದಲ್ಲ. ತಿಳಿಯಬೇಕಿತ್ತು, ಕೇಳಿದೆ. ಅಣ್ಣ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ ಮಂಚದ ತುದಿಯಲ್ಲಿ ಕೂತ. ಹಗ್ಗವನ್ನು ಬಿಡಿಸಿದ, ಸುತ್ತಿದ, ಮತ್ತೆ ಬಿಡಿಸಿದ.

“ಫೋನ್ ರಿಂಗಾದ್ರೆ ಭಯ ಆಗುತ್ತೆ,” ಎಂದ. “ಅವತ್ತು ನಿಲ್ದಾಣದಿಂದ ಯಾರೋ ಮಾಡಿ, ನಿಮ್ಮ ತಂಗಿ ಬಿದ್ದಿದ್ದಾರೆ, ಮಾತಾಡ್ತಿಲ್ಲ ಅಂದ್ರು. ಅಷ್ಟು ಹೇಳಿ ಇಟ್ಟುಬಿಟ್ರು. ಬರೋ ದಾರಿ ಪೂರ್ತಿ ನೀನು ಇಲ್ಲ ಅಂದುಕೊಂಡೇ ಬಂದೆ. ನಿಮ್ಮ ಅತ್ತಿಗೆಗೆ ಹೇಗೆ ಹೇಳೋದು ಅಂತ ಮಾತು ಜೋಡಿಸ್ತಾ ಇದ್ದೆ. ಈಗಲೂ ಯಾವ ಫೋನ್ ಬಂದ್ರೂ ಮೊದಲು ಅದೇ ಮಾತು ಬಾಯಿಗೆ ಬರುತ್ತೆ.”

ನಾಲ್ಕು ತಿಂಗಳಿಂದ ಅವನು ನನ್ನನ್ನು ಕೈಲಾಗದವಳು ಎಂದುಕೊಂಡಿದ್ದಾನೆ ಎಂದೇ ನಾನು ಒಳಗೊಳಗೆ ಕುದಿಯುತ್ತಿದ್ದೆ. ನಾಚಿಕೆಯಾಯಿತು. ಅಳು ಬಂತು. ಅವನೂ ಅತ್ತ. ಹೊಟ್ಟೆ ಬಂದ, ತಲೆಗೂದಲು ಉದುರಿದ ನನ್ನ ಅಣ್ಣ ಹಗ್ಗದ ತುದಿಯಿಂದ ಕಣ್ಣೊರೆಸಿಕೊಳ್ಳಲು ಹೋಗಿ ಚುಚ್ಚಿಸಿಕೊಂಡ.

“ದಿನಾ ಫೋನ್ ಮಾಡ್ತೀನಿ,” ಎಂದೆ.

“ಬೇಡ. ನಾನೇ ಮಾಡ್ತೀನಿ. ನೀನು ಎತ್ತಿದ್ರೆ ಸಾಕು.”

ಕೆಳಗಿನಿಂದ ಗಾಡಿಯವನು ಹಾರ್ನ್ ಹೊಡೆದ. “ಬಂದೆ ಇರಪ್ಪಾ!” ಎಂದು ಅಣ್ಣ ಕಿಟಕಿಯಿಂದ ಕೂಗಿದ. ಖಾಲಿ ಗಾಡಿ ಕಳಿಸಲು ಅವನ ಜೀವ ಒಪ್ಪಲಿಲ್ಲ. ತನ್ನ ಮನೆಗೆ ಹೋಗಿ ಆ ಹಿಂದಿನ ರೂಮಿನ ಇಸ್ತ್ರಿ ಮೇಜನ್ನು ಹೇರಿಕೊಂಡು ಬಂದ. ಅತ್ತಿಗೆಯೂ ಜೊತೆಗೆ ಬಂದು, ಅದನ್ನು ಎಲ್ಲಿಡಬೇಕೆಂದು ಅಣ್ಣನಿಗೂ ನನಗೂ ಗಾಡಿಯವನಿಗೂ ಅಪ್ಪಣೆ ಕೊಟ್ಟರು. ಕೊನೆಗೆ ಕಿಟಕಿಯ ಪಕ್ಕ ಕೂತಿತು. ಒಂದು ಕಾಲು ಸ್ವಲ್ಪ ಗಿಡ್ಡ.

ಮೇ 5, ಸೋಮವಾರ

ಒಂದು ವಾರ ಕಲಿಸಿದ ಮೇಲೆ ಇವತ್ತು ನಿಜವಾದ ಕರೆಗಳು. ಒಂಬತ್ತಕ್ಕೆ ಕೂತೆ. ಕೆಲಸದ ಹೊತ್ತಿನಲ್ಲಿ ನಮ್ಮ ಸ್ವಂತ ಫೋನು ಆಫ್ ಇಡಬೇಕು.

ಒಂದೊಂದು ಕರೆಯ ಜೊತೆಗೂ ಒಂದೊಂದು ಕೋಣೆ ಬರುತ್ತದೆ. ಒಬ್ಬಾಕೆಯ ಹಿಂದೆ ಫ್ಯಾನು ಕಿರುಗುಟ್ಟುತ್ತಿತ್ತು. ಒಬ್ಬರ ಹಿಂದೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಮುದುಕರೊಬ್ಬರು ಸತ್ತ ಹೆಂಡತಿಯ ಯಂತ್ರದ ಚಕ್ರ ಯಾವ ಕಡೆ ತಿರುಗಿಸಬೇಕೆಂದು ಕೇಳಿದರು. ಏನು ಹೊಲಿಯುತ್ತೀರಿ ಎಂದು ಕೇಳಿದೆ. ಏನೂ ಇಲ್ಲ, ಅದರ ಸದ್ದು ಕೇಳಬೇಕಿತ್ತು ಎಂದರು. ತಮ್ಮ ಕಡೆಗೆ ತಿರುಗಿಸಿ ಎಂದೆ. ಸದ್ದು ನನಗೂ ಕೇಳಿಸಿತು. ಕಣ್ಣು ಮುಚ್ಚಿದರೆ ಆ ಕೋಣೆಗಳೆಲ್ಲ ನನ್ನ ಮೇಜಿನ ಸುತ್ತ ತೇಲುತ್ತಿದ್ದವು.

ಮಧ್ಯಾಹ್ನ ಎರಡೂವರೆಗೆ ಹನ್ನೆರಡನೆಯ ಕರೆ.

“ನಮಸ್ಕಾರ, ಹೊಲಿಗೆ ಯಂತ್ರದ ಸಹಾಯವಾಣಿ. ಏನು ತೊಂದರೆ ಹೇಳಿ.”

ಆ ಕಡೆಯಿಂದ ಗಂಟಲು ಸರಿಪಡಿಸಿಕೊಂಡ ಸದ್ದು.

“ತೊಂದರೆ ಏನಿಲ್ಲ.”

“ಯಾವ ಯಂತ್ರ ಸಾರ್?”

“ಯಂತ್ರ ಇಲ್ಲ.” ಆಮೇಲೆ ಮೆಲ್ಲಗೆ, “ನಿನ್ನ ಫೋನ್ ಆಫ್ ಬರ್ತಿದೆ. ಈ ನಂಬರಿಗೆ ನಾಲ್ಕು ಸಲ ಮಾಡ್ದೆ, ನಾಲ್ಕು ಸಲಾನೂ ಬೇರೆ ಯಾರೋ ಎತ್ತಿದ್ರು. ಅವರಿಗೆಲ್ಲ ದಾರ ಕಿತ್ತುಹೋಗ್ತಿದೆ ಅಂತ ಸುಳ್ಳು ಹೇಳ್ದೆ.”

ಕರೆಗಳು ರೆಕಾರ್ಡ್ ಆಗುತ್ತವೆ. ನಗುವ ಹಾಗಿಲ್ಲ, ಅಣ್ಣ ಎನ್ನುವ ಹಾಗೂ ಇಲ್ಲ. ತುಟಿ ಕಚ್ಚಿಕೊಂಡೆ.

“ಊಟ ಆಯ್ತಾ?” ಎಂದು ಕೇಳಿದ.

“ಆಯ್ತು ಸಾರ್. ತಮ್ಮದು?”

“ಈಗ ಮಾಡ್ತೀನಿ,” ಎಂದು ಇಟ್ಟ.

ಪ್ರತಿ ಕರೆಯಾದ ಮೇಲೆ ಒಂದು ನಮೂನೆ ತುಂಬಬೇಕು. ಯಂತ್ರದ ಮಾದರಿ ಎಂಬಲ್ಲಿ ‘ಇಲ್ಲ’ ಎಂದು ಹಾಕಿದೆ. ಗ್ರಾಹಕರ ತೊಂದರೆ ಏನು ಎಂಬಲ್ಲಿ ಕೈ ನಿಂತಿತು. ಸುಳ್ಳು ಬರೆಯಬಾರದೆಂದು ಕಲಿಸುವಾಗಲೇ ಹೇಳಿದ್ದಾರೆ. ‘ಊಟ ಆಯಿತೇ ಎಂದು ಕೇಳಿದರು’ ಎಂದು ಬರೆದೆ. ತೊಂದರೆ ಪರಿಹಾರವಾಯಿತೇ ಎಂಬಲ್ಲಿ ‘ಹೌದು’ ಒತ್ತಿದೆ.